ಅಕ್ಕನಿಗೆ ಏರಿಸಿದ ಸೀರೆ

ಸೇಡಂ
ವಿಕ್ರಮ ಸಂವತ್ಸರ, ಮಾಘ ಬಹುಳ ತದಿಗೆ, 1941

ಪ್ರೀತಿಯ ಗೆಳತಿ ಚಿ. ಸೌ. ಶಿವಕಾಂತಮ್ಮನಿಗೆ ಅಮೃತಾಳ ಶರಣು ಶರಣಾರ್ಥಿ.

ನಾವಿಲ್ಲಿ ಉಂಡು ಉಟ್ಟುಕೊಂಡು ಇದ್ದೇವೆ. ಸಿಕಂದರಾಬಾದಿನಲ್ಲಿ ನೀನು, ನಿಮ್ಮವರು, ಕೂಸು ಎಲ್ಲರೂ ಆರಾಮಿದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಮೂರು ಪತ್ರಗಳೂ ಮುಟ್ಟಿವೆ. ಮೂರನೆಯದರಲ್ಲಿ ನೀನು ಬೈದದ್ದೂ ಮುಟ್ಟಿದೆ. ನಾಲ್ಕು ತಿಂಗಳು ಉತ್ತರ ಬರೆಯದವಳಿಗೆ ಅಷ್ಟು ಬೈಗುಳ ಕಡಿಮೆಯೇ ಆಯಿತು. ಜಡ್ಡಿನಲ್ಲಿ ಬಿದ್ದಿದ್ದೆ ಎಂದು ಸುಳ್ಳು ಹೇಳಲಾರೆ. ಮನೆಯಲ್ಲಿ ಶಾಯಿ ಇತ್ತು, ಕಾಗದ ಇತ್ತು, ಬರೆಯಲಿಲ್ಲ. ತಪ್ಪು ಹೊಟ್ಟೆಗೆ ಹಾಕಿಕೋ.

ಮೂರೂ ಪತ್ರಗಳಲ್ಲಿ ನೀನು ಕೇಳಿದ್ದು ಒಂದೇ ಮಾತು. ಜಾರ್ಜೆಟ್ ಸೀರೆ ಉಟ್ಟೆಯಾ, ಎಲ್ಲಿಗೆ ಉಟ್ಟೆ, ನೋಡಿದವರು ಏನಂದರು? ಉಟ್ಟೆ ಕಾಂತಾ. ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಮನೆಯೊಳಗೇ ಉಟ್ಟೆ. ನೋಡಿದವರು ಒಬ್ಬರೇ. ಅವರು ಏನಂದರು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ಮದುವೆಯಲ್ಲಿ ನೀನು ಬಾಣಂತಿಯಾಗಿದ್ದೆ, ಬರಲಿಲ್ಲ. ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ, ನೋಡಿದ ಕೂಡಲೇ ನಿನಗೆ ತಿಳಿಯುತ್ತಿತ್ತು.

ನೀಲಕ್ಕ ವಿಷಮಜ್ವರದಿಂದ ಪುಷ್ಯದಲ್ಲಿ ಹೋದಳು. ವೈಶಾಖದಲ್ಲಿ ಅವಳ ಗಂಡನಿಗೆ ನನ್ನನ್ನು ಕೊಟ್ಟರು. ಇಷ್ಟು ನಿನಗೆ ಗೊತ್ತಿದೆ. ಗೊತ್ತಿಲ್ಲದ್ದೇನೆಂದರೆ, ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಅಪ್ಪ ಶಹಾಬಾದಿನ ಮನೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಅವ್ವ ಒಳಗೆ ನನ್ನ ಎದುರಿಗೆ ಕುಳಿತು ಹೇಳಿದಳು: "ಅಮೃತಾ, ನೀಲಾ ಕಟ್ಟಿದ ಮನಿ ಅದು. ಬ್ಯಾರೇರ ಮಗಳು ಬಂದು ಆಕಿ ಪೆಟಗಿಗಿ ಕೈ ಹಾಕಿದ್ರ ನಾ ನೋಡ್ಲಾರೆ. ನೀ ಹೋದ್ರ ನನಗ ಸಮಾಧಾನ." ನಾನು ಹೂಂ ಅಂದೆ. ಅತ್ತ ನೆನಪಿಲ್ಲ, ಸಿಟ್ಟು ಮಾಡಿದ ನೆನಪೂ ಇಲ್ಲ. ಆರು ವರ್ಷ ಮಾಮಾ ಎಂದು ಕರೆದವರನ್ನು ಮರುದಿನದಿಂದ ಏನೆಂದು ಕರೆಯಬೇಕು ಎಂಬುದೊಂದೇ ಚಿಂತೆ ಇತ್ತು. ಈಗಲೂ ಏನೂ ಕರೆಯುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ತಾಟಿನ ಸಪ್ಪಳ ಮಾಡುತ್ತೇನೆ, ಅವರು ಬರುತ್ತಾರೆ.

ಅವರು ಒಳ್ಳೆಯವರು. ತೊಗರಿಯ ಅಡತಿ ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಡತಿ. ನನ್ನ ಅತ್ತೆ ಭಾಗಮ್ಮನವರೂ ಒಳ್ಳೆಯವರೇ. ಅಕ್ಕ ಇದ್ದಾಗ ಅವಳ ಮೇಲೆ ಎಷ್ಟು ಜೀವ ಇಟ್ಟಿದ್ದರೋ ಈಗಲೂ ಅಷ್ಟೇ ಇಟ್ಟಿದ್ದಾರೆ. ಅವಳ ಮೇಲೆ.

ಮದುವೆಯಾಗಿ ಬಂದ ಐದನೆಯ ದಿನ ಅತ್ತೆ ನನ್ನ ಕೈಗೆ ನೀಲಕ್ಕನ ಪೆಟ್ಟಿಗೆಯ ಕೀಲಿ ಕೊಟ್ಟರು. "ಎಲ್ಲಾ ನಿಂದೇ ಅದ, ಉಡವ್ವಾ. ಆದ್ರ ಯಾವುದಕ್ಕೂ ಕತ್ರಿ ಹಚ್ಚಬ್ಯಾಡ," ಅಂದರು. ಆ ಪೆಟ್ಟಿಗೆ ನಿನಗೂ ಗೊತ್ತು. ಅವಳು ತವರಿಗೆ ಬಂದಾಗಲೆಲ್ಲ ನಾವಿಬ್ಬರೂ ಅದರ ಮುಂದೆ ಕೂತು ಬಾಯಿ ಬಿಟ್ಟು ನೋಡುತ್ತಿದ್ದೆವು. ಇಲಕಲ್ಲಿನವು ನಾಲ್ಕು, ನಾರಾಯಣಪೇಟೆಯವು ಮೂರು, ಕಿರಮಂಜಿ ಬಣ್ಣದ ರೇಷ್ಮೆಯದೊಂದು, ಅಂಗೈ ಅಗಲದ ಜರಿ ಅಂಚಿನ ಕೆಂಪು ಪೈಠಣಿಯೊಂದು. ಸೇಡಮ್ಮಿನಲ್ಲಿ ಗಂಟು ಕಟ್ಟುವ ಕುಬಸ ಬಿಟ್ಟು ಗುಂಡಿಯ ಜಂಪರ ತೊಟ್ಟ ಮೊದಲನೆಯವಳು ಅವಳೇ. ಒಂಬತ್ತು ಗಜದ್ದನ್ನು ಬದಿಗಿಟ್ಟು ಆರು ಗಜದ ಸೀರೆ ಉಟ್ಟು ಚಿಂಚೋಳಿಯ ಮದುವೆಗೆ ಹೋದಾಗ ಮುದುಕಿಯರು ಮೂಗಿನ ಮೇಲೆ ಬೆರಳಿಟ್ಟರಂತೆ. ಮರು ವರ್ಷ ಅದೇ ಮುದುಕಿಯರ ಸೊಸೆಯರು ಬಂದು ಇವಳಿಂದ ನಿರಿಗೆ ಹಿಡಿಯುವುದನ್ನು ಕಲಿತುಕೊಂಡು ಹೋದರಂತೆ. ಅಕ್ಕನಿಗೆ ಕಡು ಬಣ್ಣ ಬೇಕು, ದೊಡ್ಡ ಚೌಕಳಿ ಬೇಕು, ಹತ್ತು ಹೆಜ್ಜೆ ದೂರದಿಂದ ಕಾಣುವ ಅಂಚು ಬೇಕು. ಗೋಧಿ ಬಣ್ಣದ, ಮೈತುಂಬಿದ ಹೆಂಗಸು, ಅವಳಿಗೆ ಒಪ್ಪುತ್ತಿತ್ತು.

ನನಗೆ ಒಪ್ಪುವುದಿಲ್ಲ. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ, ಯಾಕೆಂದರೆ ನಾನು ಹನ್ನೆರಡು ವರ್ಷದವಳಿದ್ದಾಗ ನೀನೇ ಇದನ್ನು ನನಗೆ ಹೇಳಿದ್ದು. ನಾನು ಕಪ್ಪು, ಕಡ್ಡಿಯ ಹಾಗಿದ್ದೇನೆ. ಕೆಂಪು ಉಟ್ಟರೆ ಸೀರೆಯೇ ನಡೆದು ಬಂದಂತೆ ಕಾಣುತ್ತದೆ, ಒಳಗೆ ಒಬ್ಬಳಿದ್ದಾಳೆ ಎಂದು ತಿಳಿಯುವುದಿಲ್ಲ. ನನಗೆ ಬೇಕಾದದ್ದು ತಿಳಿ ಬಣ್ಣ, ಸಣ್ಣ ಅಂಚು, ಮೈಮೇಲೆ ಕೂಡುವ ಬಟ್ಟೆ. ನಿಮ್ಮಪ್ಪ ಮಾಸ್ತರರು ಮಠದ ಶಾಲೆಯಲ್ಲಿ ಲೆಕ್ಕ ಬರೆಸುವಾಗ ನಾನು ಪಾಟಿಯ ಹಿಂದೆ ನನ್ನ ಸೀರೆಗಳನ್ನು ಬರೆಯುತ್ತಿದ್ದೆ. ಬದಾಮಿ ಒಂದು, ಪಿಸ್ತಾ ಒಂದು, ಆಕಾಶಿ ಒಂದು, ಬೂದು ಒಂದು, ಹಬ್ಬಕ್ಕೆ ಮೋತಿಯಾ ಬಣ್ಣದ್ದೊಂದು. ಐದು ಸಾಕು. ನೀನು ನಗುತ್ತಿದ್ದೆ. ಸಿಕಂದರಾಬಾದಿಗೆ ಹೋದ ಮೇಲೆ ನೀನೇ ಬರೆದೆ, "ಇಲ್ಲಿ ಚೆನ್ನಾಗಿ ಉಡುವ ಹೆಂಗಸರ ಹತ್ತಿರ ಸೀರೆ ಬಹಳ ಇರುವುದಿಲ್ಲ ಅಮೃತಾ, ಜಂಪರ ನಾಲ್ಕೇ ಇದ್ದರೂ ಒಂದೊಂದು ಮೂರು ಸೀರೆಗೆ ಹೊಂದುತ್ತದೆ" ಎಂದು. ಆ ಪತ್ರವನ್ನು ನಾನು ಎಷ್ಟು ಸಲ ಓದಿದೆ ಎಂದರೆ ಮಡಿಕೆಯಲ್ಲಿ ಹರಿದುಹೋಗಿದೆ.

ಅಕ್ಕನ ಜಂಪರಗಳು ನನಗೆ ಸಡಿಲ. ಕತ್ತರಿ ಹಚ್ಚುವ ಹಾಗಿಲ್ಲವಲ್ಲ, ಬೆನ್ನಿನ ಕಡೆ ಪಿನ್ನು ಹಾಕಿ ತೊಡುತ್ತೇನೆ. ಮೇಲೆ ಸೆರಗು ಹೊದ್ದರೆ ಕಾಣುವುದಿಲ್ಲ. ಮೊದಲ ಸಲ ಆ ಕಿರಮಂಜಿ ರೇಷ್ಮೆ ಉಟ್ಟು ಬಡಿಸಲು ಬಂದಾಗ ಅವರು ತಲೆ ಎತ್ತಿ ನೋಡಿದರು. ಒಂದು ಗಳಿಗೆ ಮುಖ ಅರಳಿತು. ಆಮೇಲೆ ನನ್ನ ಮುಖ ನೋಡಿದರು. ನೋಡಿ, ರೊಟ್ಟಿ ಸಾಕು ಅಂದರು. ನನಗೆ ಏನನ್ನಿಸಿತು ಎಂದು ನೀನು ಕೇಳುತ್ತೀ. ಏನೂ ಅನ್ನಿಸಲಿಲ್ಲ. ಉಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದೆ.

ಆ ವರ್ಷದ ದೀಪಾವಳಿಗೆ ಅವರು ನನಗೆಂದು ಹೊಸ ಸೀರೆ ತಂದರು. ಗಿಣಿಹಸಿರು, ಸಣ್ಣ ಅಂಚು. ನಾನು ಕೈ ಚಾಚಿದೆ. ಅತ್ತೆ ನಡುವೆಯೇ ಇಸಿದುಕೊಂಡು ದೇವರ ಕೋಣೆಗೆ ನಡೆದರು. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಹೊಸ ಬಟ್ಟೆ ಏರಿಸುವುದು ನಮ್ಮೆಲ್ಲರ ಮನೆಯಲ್ಲಿ ಇದ್ದದ್ದೇ, ನಿನಗೆ ಹೊಸದಲ್ಲ. ಆದರೆ ಎರಡನೆಯವಳಾಗಿ ಬಂದವಳಿಗೆ ವರ್ಷಕ್ಕೊಮ್ಮೆ ಏರಿಸಿದರೆ ಸಾಲದು ಎಂಬುದು ನನಗೆ ಗೊತ್ತಿರಲಿಲ್ಲ. ಅವಳ ಮೈಗೆ ಬರುವ ಪ್ರತಿಯೊಂದು ಹೊಸ ಸೀರೆಯೂ ತೀರಿಕೊಂಡ ಮೊದಲನೆಯವಳಿಗೆ ಮುಂಚೆ ಹೋಗಬೇಕು. ಮೊರದಲ್ಲಿ ಸೀರೆ, ಖಣ, ಬಳೆ, ಅರಿಶಿನ ಕುಂಕುಮ ಇಟ್ಟು ಅವಳ ಹೆಸರಿನ ಕಳಶದ ಮುಂದೆ ಪೂಜೆ ಮಾಡಬೇಕು. "ನೀಲಾ, ಉಡವ್ವಾ" ಎಂದು ಅತ್ತೆ ಕರೆಯುತ್ತಾರೆ. ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಹೊರಗೆ ಕೂಡುತ್ತೇವೆ, ಅವಳು ಉಡುವಷ್ಟು ಹೊತ್ತು. ಆಮೇಲೆ ಒಳಗೆ ಹೋಗಿ ಅದನ್ನು ನನಗೆ ಕೊಡುತ್ತಾರೆ. ಅವಳು ಉಟ್ಟು ಬಿಟ್ಟದ್ದು ನನಗೆ.

ಅತ್ತೆ ಇದನ್ನು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. "ಆಕಿಗಿ ಕೊಡದೇ ನೀ ಉಟ್ರ ಆಕಿ ಮನಸ್ಸಿಗಿ ಹತ್ತತದ. ನಿನಗ ಕಾಡಬಾರ್ದಂತ ಮಾಡಾಕತ್ತೀನಿ," ಅನ್ನುತ್ತಾರೆ. ಅಕ್ಕ ನನ್ನನ್ನು ಯಾಕೆ ಕಾಡಿಯಾಳು ಎಂದು ಒಮ್ಮೆ ಕೇಳಿದೆ. ಬಾಯಿಗೆ ಬಂದ ತುತ್ತನ್ನು ನನಗೆ ಕೊಟ್ಟು ಬೆಳೆಸಿದವಳು. ಅತ್ತೆ, "ಸತ್ತ ಮ್ಯಾಲ ಅಕ್ಕ ತಂಗಿ ಇರಂಗಿಲ್ಲವ್ವಾ, ಬರೇ ಸವತಿ ಇರ್ತಾರ," ಅಂದರು.

ಒಂದು ವರ್ಷದಲ್ಲಿ ಮೂರು ಸೀರೆ ಹೀಗೆ ಬಂದವು. ಆಗಲೇ ನಾನು ನಿನಗೆ ಆ ಪತ್ರ ಬರೆದದ್ದು, ಬದಾಮಿ ಬಣ್ಣದ ಜಾರ್ಜೆಟ್ ಒಂದು ಕಳಿಸು ಎಂದು. ಏಕೆ ಎಂದು ಬರೆಯಲಿಲ್ಲ. ಯಾರೂ ಉಡುವ ಮೊದಲು ನಾನು ಉಟ್ಟ ಸೀರೆ ಒಂದಾದರೂ ಇರಲಿ ಎಂದು ಆಸೆಯಾಗಿತ್ತು. ಒಂದೇ ಸಾಕಿತ್ತು. ಅಕ್ಕನ ಮೇಲೆ ಹಟ ಇರಲಿಲ್ಲ ಕಾಂತಾ, ಆಣೆ ಮಾಡಿ ಹೇಳುತ್ತೇನೆ.

ನಿನ್ನ ಪಾರ್ಸಲು ದಸರೆಯ ನಂತರ ಬಂತು. ಅವರು ಸ್ಟೇಷನ್ನಿನಿಂದ ತಂದು ನನ್ನ ಕೈಯಲ್ಲೇ ಇಟ್ಟರು, ಏನೆಂದು ಕೇಳಲಿಲ್ಲ. ನಾನು ಜೋಳದ ಕೋಣೆಯಲ್ಲಿ ಬಿಚ್ಚಿ ನೋಡಿದೆ. ಸುಲಿದ ಬದಾಮಿಯ ಬಣ್ಣ, ಅಂಚು ಎಳೆಯಷ್ಟು ಸಣ್ಣದು, ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇಲ್ಲ. ಅಲ್ಲಿನವರು ಸೆರಗನ್ನು ತಲೆಯ ಮೇಲೆ ಹೊದೆಯದೆ ಎಡ ಹೆಗಲಿನಿಂದ ಹಿಂದಕ್ಕೆ ಇಳಿಬಿಡುತ್ತಾರೆ, ಜಂಪರಿನ ತೋಳು ಪುಗ್ಗಾದಂತೆ ಉಬ್ಬಿರುತ್ತದೆ ಎಂದು ನೀನು ಬರೆದು, ಚಿತ್ರವನ್ನೂ ತೆಗೆದಿದ್ದೆಯಲ್ಲ? ಆ ಚಿತ್ರವನ್ನೂ ನೀನು ಕಳಿಸಿದ ಜಂಪರದ ಬಟ್ಟೆಯನ್ನೂ ನೀರಿಗೆ ಹೋಗುವ ನೆವದಲ್ಲಿ ಅಮೀರ್ಬೀಗೆ ಕೊಟ್ಟು ಬಂದೆ.

ಅಮೀರ್ಬೀ ನಮ್ಮ ಓಣಿಯ ಹೆಣ್ಣುಮಕ್ಕಳ ಜಂಪರಗಳನ್ನೆಲ್ಲ ಹೊಲಿಯುವ ಮುದುಕಿ. ಓದು ಬರಹ ಬಾರದು. ಅಳತೆಯನ್ನು ದಾರಕ್ಕೆ ಗಂಟು ಹಾಕಿ ಇಡುತ್ತಾಳೆ: ಎದೆಗೊಂದು ಗಂಟು, ತೋಳಿಗೊಂದು, ಉದ್ದಕ್ಕೊಂದು. ದಾರಗಳನ್ನೆಲ್ಲ ಗೋಡೆಯ ಗೂಟಕ್ಕೆ ತೂಗುಹಾಕಿರುತ್ತಾಳೆ. ಚಿತ್ರ ನೋಡಿ, "ಯಾ ಅಲ್ಲಾ, ತೋಳಿನ್ಯಾಗ ಗಾಳಿ ತುಂಬ್ಲಾ ಬೇಟಿ?" ಎಂದು ಬೊಚ್ಚು ಬಾಯಿ ತೆರೆದು ನಕ್ಕಳು. "ಹೊಲೀತೀನಿ, ಹೊಲೀತೀನಿ. ಹೈದ್ರಾಬಾದ್ ಬೇಗಮರಂಗ ಮಾಡ್ತೀನಿ ನಿನಗ." ನನ್ನ ಅಳತೆ ತೆಗೆದುಕೊಳ್ಳುವುದಿಲ್ಲವೇ ಎಂದೆ. "ನಿಮ್ ಮನಿದು ನನ ಹತ್ರ ಅದ, ಹೋಗು," ಅಂದಳು. ನನಗೆ ಆಗ ಹೊಳೆಯಲಿಲ್ಲ.

ಕಾರ್ತಿಕ ಸೋಮವಾರ ಅತ್ತೆ ಚಿತ್ತಾಪುರಕ್ಕೆ ತಮ್ಮ ತಂಗಿಯ ಮನೆಗೆಂದು ಬೆಳಗಿನ ಗಾಡಿಗೆ ಹೊರಟರು. ಅವರು ಅಡತಿಗೆ ಹೋದರು. ನಾನು ಅಡಿಗೆ ಮುಗಿಸಿ, ಮಿಂದು, ಬಾಗಿಲು ಮುಂದೆ ಮಾಡಿ ಸೀರೆ ತೆಗೆದೆ. ಜಂಪರ ತೊಟ್ಟಾಗ ತೋಳು ಮೊಣಕೈಯವರೆಗೆ ಜೋತುಬಿತ್ತು, ಎದೆಯ ಹತ್ತಿರ ಎರಡು ಬೆರಳು ಸಡಿಲ. ಅಕ್ಕನ ಅಳತೆ. ಹೊಸ ಬಟ್ಟೆಯೂ ಅವಳ ಅಳತೆಯದೇ. ಆಮೇಲೆ ಕೇಳಿದಾಗ ಅಮೀರ್ಬೀ ಗಲ್ಲ ಗಲ್ಲ ಬಡಿದುಕೊಂಡಳು. "ಒಂದ್ ಮನಿ ಸೊಸಿಗಿ ಒಂದ್ ದಾರ ಇಡ್ತೀನಿ ನಾ. ಸೊಸಿ ದಾರ ಅಂತ ತಗದೆ. ಮರ್ತೇ ಹೋದೆ ಬೇಟಿ, ಬಾ, ಈಗೇ ನಿಂದೊಂದು ಗಂಟು ಹಾಕ್ತೀನಿ." ಬೇಡ ಬಿಡಮ್ಮಾ, ಅದೇ ಇರಲಿ ಅಂದೆ. ಪಾಪ, ಅವಳದೇನು ತಪ್ಪು?

ಆ ದಿನ ಮಾತ್ರ ನಾನು ಬಿಡಲಿಲ್ಲ. ಎಂದಿನ ಹಾಗೆ ಬೆನ್ನಿಗೆ ಪಿನ್ನು ಹಾಕಿದೆ. ನೀನು ಬರೆದಂತೆಯೇ ಸಣ್ಣ ನಿರಿಗೆ ಹಿಡಿದು, ಸೆರಗನ್ನು ಎಡ ಹೆಗಲಿಗೆ ಎಸೆದು ಹಿಂದಕ್ಕೆ ಬಿಟ್ಟೆ. ತಲೆಯ ಮೇಲೆ ಏನೂ ಇಲ್ಲ. ಕನ್ನಡಿ ಗೋಡೆಯಲ್ಲಿ ಎತ್ತರಕ್ಕಿದೆ, ಮುಖ ಮಾತ್ರ ಕಾಣುತ್ತದೆ. ಅದನ್ನು ಇಳಿಸಿ ಕಾಳಿನ ಚೀಲಕ್ಕೆ ಒರಗಿಸಿ ನಿಂತು ನೋಡಿದೆ. ಸಂತೋಷವಾಯಿತು ಕಾಂತಾ. ಮದುವೆಯಾದ ಮೇಲೆ ಸಂತೋಷವಾದದ್ದು ಆವತ್ತೊಂದೇ ದಿನ. ನನ್ನ ಬಣ್ಣ ಕಪ್ಪಾಗಿ ಕಾಣಲಿಲ್ಲ, ಚಂದ ಕಂಡಿತು. ಅಡಿಗೆ ಮನೆಯಿಂದ ಪಡಸಾಲೆಗೆ ಹೋದೆ, ಪಡಸಾಲೆಯಿಂದ ಅಡಿಗೆ ಮನೆಗೆ ಬಂದೆ. ಪರಸಿ ಕಲ್ಲಿನ ನೆಲದ ಮೇಲೆ ನಿರಿಗೆ ಸರಿಯುವ ಸಪ್ಪಳ ಕೇಳುತ್ತ ಸುಮ್ಮನೆ ನಡೆದಾಡಿದೆ.

ಅತ್ತೆಗೆ ಗಾಡಿ ತಪ್ಪಿತ್ತು. ಮುಂದಿನ ಗಾಡಿಗೆಂದು ಸ್ಟೇಷನ್ನಿನಲ್ಲಿ ಬಹಳ ಹೊತ್ತು ಕಾಯ್ದು, ಬೇಸತ್ತು ತಿರುಗಿ ಬಂದರು. ಬಾಗಿಲು ದೂಡಿ ನಿಂತವರು ನನ್ನನ್ನು ಗುರುತು ಹಿಡಿಯಲಿಲ್ಲ. "ಯಾರವ್ವಾ?" ಎಂದು ಕೇಳಿದರು. ನೀನು ಕೇಳಿದೆಯಲ್ಲ ನೋಡಿದವರು ಏನಂದರು ಎಂದು. ಅದು.

ನಾನು ಅಮೃತಾ ರೀ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕುಳಿತರು. "ಹೊಸಾದು ಅದ ಏನು? ಆಕಿಗಿ ತೋರಿಸಿದಿ ಏನು?" ಇಲ್ಲ ಅಂದೆ. "ತಗಿ ನನ್ನವ್ವಾ, ಲಗೂನ ತಗಿ," ಎಂದು ಬೇಡಿಕೊಂಡರು. ತೆಗೆದೆ. ಇಬ್ಬರೂ ಕೂಡಿ ಹಳೆಯ ಮಡಿಕೆಯ ಗೆರೆಯ ಮೇಲೆಯೇ ಅದನ್ನು ಮಡಿಸಿದೆವು, ಉಡಲೇ ಇಲ್ಲ ಎನ್ನುವ ಹಾಗೆ. ಜಾರ್ಜೆಟ್ ಹಾಗೆ ಕೂಡುವುದಿಲ್ಲ, ಜಾರುತ್ತದೆ. ಮೂರು ಸಲ ಮಡಿಸಿದೆವು. ಅತ್ತೆ ಮೊರದಲ್ಲಿ ಇಟ್ಟು, ಕಳಶದ ಮುಂದೆ ಕಿವಿ ಹಿಡಿದು ತಪ್ಪೊಪ್ಪಿಕೊಂಡರು. "ತಪ್ಪಾತವ್ವಾ ನೀಲಾ. ಸಣ್ಣಾಕಿ, ತಿಳೀಲಿಲ್ಲ ಆಕಿಗಿ. ನೀನೇ ಉಡು, ನೀನೇ ಮೊದಲು." ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಆ ಹೊತ್ತಿನಲ್ಲಿ ಅತ್ತೆ ನನ್ನ ತಲೆ ಸವರಿ, "ನಿನ್ ಮ್ಯಾಲ ಸಿಟ್ಟಿಲ್ಲ ನನಗ," ಅಂದರು. ನಿಜವಾಗಿಯೂ ಇರಲಿಲ್ಲ.

ಆಮೇಲೆ ಸೀರೆಯನ್ನು ನನ್ನ ಕೈಗೆ ಕೊಟ್ಟು, ಈಗ ಉಡು ಅಂದರು. ನಾಳೆ ಉಡುತ್ತೇನೆ ಅಂದೆ. ಪೆಟ್ಟಿಗೆಯಲ್ಲಿ ಇಟ್ಟೆ. ಸಿಟ್ಟಿನಿಂದ ಇಟ್ಟದ್ದಲ್ಲ. ಆಸೆ ಹೋಗಿತ್ತು, ಅಷ್ಟೇ. ಇಷ್ಟು ದಿನ ಬೇಕು ಬೇಕು ಎನ್ನುತ್ತಿದ್ದದ್ದು ಯಾವುದು ಎಂದು ಹುಡುಕಿದರೂ ನೆನಪಾಗಲಿಲ್ಲ. ಆವತ್ತಿನಿಂದ ಯಾವುದನ್ನು ಕೊಟ್ಟರೂ ಉಡುತ್ತೇನೆ. ಪೆಟ್ಟಿಗೆಯಲ್ಲಿ ಮೇಲಿದ್ದದ್ದನ್ನೇ ತೆಗೆದು ಉಡುತ್ತೇನೆ. ಓಣಿಯ ಹೆಂಗಸರು ಈಗೀಗ, "ಥೇಟ್ ನೀಲಾನಂಗೇ ಕಾಣಾಕತ್ತೀ," ಅನ್ನುತ್ತಾರೆ. ಹೊಗಳುತ್ತಿದ್ದಾರೆ ಎಂದು ತಿಳಿದು ನಗುತ್ತೇನೆ.

ನಿನ್ನ ಸೀರೆಗೆ ಅಪಮಾನ ಮಾಡಿದೆ ಎಂದು ತಿಳಿಯಬೇಡ. ನುಸಿ ಹತ್ತದಂತೆ ಬೇವಿನೆಲೆ ಇಟ್ಟಿದ್ದೇನೆ. ಇನ್ನು ಮುಂದೆ ಏನಾದರೂ ಕಳಿಸುವುದಿದ್ದರೆ ತಿಳಿ ಬಣ್ಣ ಕಳಿಸಬೇಡ. ಕೆಂಪು ಕಳಿಸು. ಅಗಲ ಅಂಚಿನದು ಕಳಿಸು. ಮೊದಲು ಉಡುವವಳಿಗೆ ಅದೇ ಸೇರುತ್ತದೆ.

ನಿನ್ನ ಕೂಸಿಗೆ ನನ್ನ ಮುದ್ದು, ನಿಮ್ಮವರಿಗೆ ಶರಣಾರ್ಥಿ. ನಿನ್ನ ಐದು ಸೀರೆಯೂ ನಾಲ್ಕು ಜಂಪರವೂ ನಿನ್ನ ಮೈಮೇಲೇ ಹಳೆಯದಾಗಲಿ. ಮುತ್ತೈದೆಯಾಗಿ, ನಗುನಗುತ್ತ ಬಾಳು. ಬಸವಣ್ಣ ನಿನ್ನನ್ನು ಚೆನ್ನಾಗಿಡಲಿ.

ಇಂತು ನಿನ್ನ
ಅಮೃತಾ

ತಾ. ಕ.: ಮೇಲಿನದನ್ನು ಬರೆದು ಎರಡು ದಿನ ಇಟ್ಟಿದ್ದೆ. ಇದನ್ನು ಬರೆಯದೆಯೇ ಕಳಿಸಬೇಕೆಂದಿದ್ದೆ, ಆಗಲಿಲ್ಲ. ನನಗೆ ಈಗ ಐದು ತಿಂಗಳು. ಹೋದ ಗುರುವಾರ ಅವ್ವ ಶಹಾಬಾದಿನಿಂದ ವಾಡಿಯಲ್ಲಿ ಗಾಡಿ ಬದಲಿಸಿ ಬಂದಳು. ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆ ತಂದಿದ್ದಳು. ಅದೂ ಮೊದಲು ಅಕ್ಕನಿಗೆ ಹೋಯಿತು, ಅದಕ್ಕೆ ನನಗೇನೂ ಆಗಲಿಲ್ಲ. ಆಮೇಲೆ ಅವ್ವ ನನ್ನ ಹತ್ತಿರ ಬಂದು, ನನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, ಬಾಗಿ, ಅಲ್ಲಿಗೇ ಬಾಯಿ ಹಚ್ಚಿ ಅಂದಳು: "ಬಂದಿ ಏನವ್ವಾ ನೀಲಾ? ಈ ಸಲ ನನ್ ಬಿಟ್ಟು ಹೋಗಬ್ಯಾಡ." ಅತ್ತೆಯೂ ಕಣ್ಣೊರಸಿಕೊಂಡರು. ಮೂರು ದಿನ ಇದ್ದಳು. ಮೂರು ದಿನವೂ ಹೊಟ್ಟೆಯ ಜೊತೆ ಮಾತಾಡಿದಳು. ಉಂಡೆಯಾ, ನಿದ್ದೆ ಬಂತಾ ಎಂದು ನನ್ನನ್ನು ಕೇಳಲಿಲ್ಲ. ಸ್ಟೇಷನ್ನಿನಲ್ಲಿಯೂ ಬಾಗಿ ಅದಕ್ಕೇ ಹೋಗಿ ಬರ್ತೀನಿ ಎಂದು ಹೇಳಿ ಗಾಡಿ ಹತ್ತಿದಳು.

ಈ ಮನೆಯಲ್ಲಿ ಎಲ್ಲರೂ ಹೆಣ್ಣಾಗಲಿ ಎಂದು ಬೇಡಿಕೊಳ್ಳುತ್ತಿದ್ದಾರೆ. ಇಡೀ ಸೇಡಮ್ಮಿನಲ್ಲಿ ಇಂಥ ಮನೆ ಇನ್ನೊಂದು ಇರಲಿಕ್ಕಿಲ್ಲ. ನಾನೊಬ್ಬಳೇ ಗಂಡಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಹೆಣ್ಣಾದರೆ ಅದನ್ನು ನಾನು ಎತ್ತಿಕೊಳ್ಳಲಾರೆ ಎಂದು ಭಯವಾಗುತ್ತದೆ ಕಾಂತಾ. ನೀನು ಯುಗಾದಿಗೆ ಶಹಾಬಾದಿಗೆ ಹೋಗುತ್ತೀಯಲ್ಲ, ಅವ್ವನನ್ನು ಕಂಡು ಬಾ. ಅಮೃತಾ ನಿನ್ನನ್ನು ಕೇಳಿದಳು ಎಂದು ಹೇಳು. ಹೆಸರು ಹಿಡಿದೇ ಹೇಳು.